ಕಳೆ ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ ಬಿಡಿಭಾಗ ಸಿಗುವ ಜಾಗ ನೋಡಿ

ನಮ್ಮ ವರದಿಗಾರರಿಂದ

ಸನ್ನತಿ (ಚಿತ್ತಾಪುರ ತಾ.): ಭೀಮಾ ತೀರದ ಸನ್ನತಿಯಿಂದ ಚಿಂಚೋಳಿಯವರೆಗೆ ಮುಂಗಾರಿನ ಎರಡು ಹದ ಮಳೆ ಬಿದ್ದವೆಂದರೆ ತೊಗರಿ, ಹೆಸರು, ಉದ್ದಿನ ಜತೆಗೆ ಕಸವೂ ಪೈಪೋಟಿಗೆ ಬಿದ್ದಂತೆ ಏಳುತ್ತದೆ. ಹೊಲದೊಳಗೆ ಜೇಕು, ಕರಿಕೆ. ಒಡ್ಡಿನ ಮೇಲೆ ಕಾಂಗ್ರೆಸ್ ಕಸ, ಜಾಲಿಯ ಚಿಗುರು. ಬಿತ್ತನೆಯಾದ ಮೊದಲ 45ರಿಂದ 60 ದಿನಗಳಲ್ಲಿ ಕಳೆಯನ್ನು ಹತೋಟಿಗೆ ತರದಿದ್ದರೆ ಮುಂದೆ ಎಷ್ಟು ಶ್ರಮಿಸಿದರೂ ತೊಗರಿಯ ಇಳುವರಿ ಕೈಗೆ ಬರುವುದಿಲ್ಲ. ಊರಿನ ಎಲ್ಲ ಹೊಲಗಳಿಗೂ ಆಳು ಬೇಕಾಗುವುದು ಈ ದಿನಗಳಲ್ಲೇ. ಆದ್ದರಿಂದಲೇ ಹೆಗಲಿಗೆ ಹಾಕಿಕೊಂಡು ಕಸ ಕತ್ತರಿಸುವ ಬ್ರಷ್ ಕಟರ್ ಯಂತ್ರಗಳು ಈಗ ಹಳ್ಳಿಗಳನ್ನು ಪ್ರವೇಶಿಸಿವೆ.

ಈ ಯಂತ್ರ ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು, ಎಷ್ಟು ಸಿಸಿ? ಮೂರನೆಯ ಪ್ರಶ್ನೆ ಹೊಳೆಯುವುದು ಯಂತ್ರ ನಿಂತ ದಿನ. ಶ್ರಾವಣದ ನಡುವೆ ಹಗ್ಗ ಎಳೆದರೆ ಯಂತ್ರ ಚಾಲೂ ಆಗುವುದಿಲ್ಲ ಎಂದಿಟ್ಟುಕೊಳ್ಳಿ. ಹಾಳಾಗಿರುವುದು ಕಾರ್ಬ್ಯುರೇಟರಿನೊಳಗಿನ ರಬ್ಬರಿನ ತೆಳು ಪೊರೆ ಮಾತ್ರ. ಆದರೆ ಅದು ಊರಲ್ಲಿಲ್ಲ, ತಾಲ್ಲೂಕಿನಲ್ಲಿಲ್ಲ. ಸುಮಾರು 60 ಕಿ.ಮೀ. ದೂರದ ಕಲಬುರಗಿಯಲ್ಲಾದರೂ ಸಿಗುವುದೋ ಇಲ್ಲವೋ ಗೊತ್ತಿಲ್ಲ. ಪಾರ್ಸೆಲ್ ಬರುವಷ್ಟರಲ್ಲಿ ಕಸ ಮೊಳಕಾಲು ಮುಟ್ಟಿರುತ್ತದೆ. ನಷ್ಟವಾಗುವುದು ಆ ಪೊರೆಯ ಬೆಲೆಯಲ್ಲ, ಒಂದು ಹಂಗಾಮು. ಹೀಗಾಗಿ ಯಂತ್ರವನ್ನು ಆರಿಸುವ ಮೊದಲು ಅದರ ಬಿಡಿಭಾಗ ಸಿಗುವ ಅಂಗಡಿಯನ್ನು ಆರಿಸಬೇಕು ಎಂಬುದೇ ಈ ವ್ಯಾಪಾರದ ಮೊದಲ ಪಾಠ.

ಯಾವ ಕೆಲಸಕ್ಕೆ ಯಾವ ಯಂತ್ರ

ಒಂದೇ ಅಂಗಡಿಯಲ್ಲಿ ಮಾರಾಟವಾದರೂ ಹುಲ್ಲು, ಕಳೆ ತೆಗೆಯುವ ಯಂತ್ರಗಳಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಲಾನ್ ಮೋವರ್. ಗಾಲಿಗಳ ಮೇಲೆ ತಳ್ಳಿಕೊಂಡು ಹೋಗುವ ಈ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ರೂಪಿಸಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ ಅವನಿಗೆ ಈ ಉಪಾಯ ಹೊಳೆದಿತ್ತು. ಸಮತಟ್ಟಾದ, ಕಲ್ಲಿಲ್ಲದ ಹುಲ್ಲುಹಾಸಿಗೆ ಮಾತ್ರ ಇದು ತಕ್ಕದ್ದು. ಕಾರ್ಖಾನೆ ವಸಾಹತು, ಶಾಲೆಯ ಅಂಗಳ, ಉದ್ಯಾನಗಳಿಗೆ ಸರಿ; ಹೊಲದ ಒಡ್ಡಿಗೆ ಅಲ್ಲ.

ಎರಡನೆಯದು ಬ್ರಷ್ ಕಟರ್. ಉದ್ದನೆಯ ಕೊಳವೆಯ ಒಂದು ತುದಿಗೆ ಎಂಜಿನ್, ಇನ್ನೊಂದು ತುದಿಗೆ ಬ್ಲೇಡ್ ಅಥವಾ ನೈಲಾನ್ ದಾರ. ತಿರುಗುವ ದಾರದಿಂದ ಹುಲ್ಲು ಕತ್ತರಿಸುವ ಉಪಾಯವನ್ನು 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಕಂಡುಕೊಂಡರು. ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳು ಅವರಿಗೆ ಪ್ರೇರಣೆ. ಒಡ್ಡು, ಕಾಲುವೆಯ ದಂಡೆ, ತೋಟದ ಗಿಡಗಳ ಸುತ್ತ ಇದು ಉಪಯುಕ್ತ. ಆದರೆ ಇದು ಕಳೆಯನ್ನು ಕತ್ತರಿಸುತ್ತದೆಯೇ ಹೊರತು ಬೇರು ಕೀಳುವುದಿಲ್ಲ. ಜೇಕು, ಕರಿಕೆ ಮತ್ತೆ ಚಿಗುರುತ್ತವೆ.

ಮೂರನೆಯದು ಪವರ್ ವೀಡರ್. ಸಾಲುಗಳ ನಡುವೆ ಮಣ್ಣನ್ನು ಕೆದಕಿ, ಎಡೆಕುಂಟೆ ಮಾಡುವ ಕೆಲಸವನ್ನು ಮಾಡುತ್ತದೆ. ಅಗಲ ಸಾಲಿನ ತೊಗರಿಗೆ ಹೊಂದುತ್ತದೆ. ಎರೆ ಭೂಮಿ ಹಸಿಯಾಗಿದ್ದಾಗ ಮಾತ್ರ ಇದನ್ನು ಇಳಿಸುವಂತಿಲ್ಲ. ಒಡ್ಡಿನ ಕಸಕ್ಕೆ ಪವರ್ ವೀಡರ್ ಅಥವಾ ಸಾಲಿನ ನಡುವಿನ ಕಳೆಗೆ ಬ್ರಷ್ ಕಟರ್ ಕೊಂಡು ಪಶ್ಚಾತ್ತಾಪಪಡುವುದಕ್ಕಿಂತ ಕೆಲಸ ಯಾವುದೆಂದು ಮೊದಲೇ ನಿಶ್ಚಯಿಸುವುದು ಲೇಸು.

ಕಲ್ಲಿನ ನೆಲದ ಸಮಸ್ಯೆ

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ನೆಲದಡಿಯೆಲ್ಲ ಸುಣ್ಣದ ಕಲ್ಲು. ಶಹಾಬಾದ್ ಕಲ್ಲಿಗೆ ಹೆಸರು ಬಂದದ್ದೂ, ಇಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಗೊಂಡದ್ದೂ ಇದರಿಂದಲೇ. ಒಡ್ಡುಗಳಲ್ಲಿ ಕಲ್ಲಿನ ಹರಳು, ಚಕ್ಕೆಗಳು ಹುಲ್ಲಿನಲ್ಲಿ ಮರೆಯಾಗಿರುತ್ತವೆ. ಲೋಹದ ಬ್ಲೇಡ್ ಇವುಗಳಿಗೆ ತಗುಲಿದರೆ ಹಲ್ಲು ಮುರಿಯುತ್ತದೆ, ಗೇರ್ ಹೆಡ್ ಪೆಟ್ಟು ತಿನ್ನುತ್ತದೆ, ಕಲ್ಲು ಸಿಡಿದು ಆಳಿಗೂ ಅಪಾಯ. ಇಂಥಲ್ಲಿ ಎಳೆ ಹುಲ್ಲಿಗೆ ನೈಲಾನ್ ದಾರ, ದಪ್ಪ ಕಾಂಡದ ಕಸಕ್ಕೆ ಮಾತ್ರ ಬ್ಲೇಡ್ ಬಳಸುವುದು ಸೂಕ್ತ.

ಸನ್ನತಿಯವರಿಗೆ ಈ ವಿಷಯದಲ್ಲಿ ಇನ್ನೂ ಒಂದು ಹೊಣೆಯಿದೆ. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಅಶೋಕನ ಹೆಸರುಳ್ಳ ಶಿಲ್ಪ ದೊರೆಯಿತು. ಅಲ್ಲಿನ ಕೆತ್ತನೆಯ ಫಲಕಗಳೂ ಸುಣ್ಣದ ಕಲ್ಲಿನವೇ. ಹಳೆಯ ಕಲ್ಲುಗಳಿರುವ ಯಾವುದೇ ಜಾಗದಲ್ಲಿ ಹುಲ್ಲು ತೆಗೆಯುವವರು ಯಂತ್ರವನ್ನು ದೂರವಿಟ್ಟು, ಕಲ್ಲಿನ ಅಂಚಿನ ಹುಲ್ಲನ್ನು ಕೈಯಿಂದಲೇ ತೆಗೆಯಬೇಕು.

ನೆಲದ ಇನ್ನೊಂದು ಕಾಟ ಧೂಳು. ಸುಣ್ಣದ ಕಲ್ಲಿನ ಧೂಳು, ಎರೆ ಮಣ್ಣಿನ ಪುಡಿ ಏರ್ ಫಿಲ್ಟರನ್ನು ಬೇಗ ಮುಚ್ಚುತ್ತವೆ. ಫಿಲ್ಟರಿಲ್ಲದೆ ಓಡಿಸಿದರೆ ಧೂಳು ಎಂಜಿನ್‌ನೊಳಗೆ ಸೇರಿ ಪಿಸ್ಟನ್ ಸವೆಯುತ್ತದೆ. ಆದ್ದರಿಂದ ಈ ಭಾಗದಲ್ಲಿ ಏರ್ ಫಿಲ್ಟರ್ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ?

ಎರಡು ಸ್ಟ್ರೋಕಿನ ಎಂಜಿನ್ ಹಗುರ, ಅಗ್ಗ. ಆದರೆ ಪೆಟ್ರೋಲ್‌ನಲ್ಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಿಯೇ ಹಾಕಬೇಕು. ಯಂತ್ರದ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40:1 ಎಂದಿದ್ದರೆ 25 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಆಯಿಲ್. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ ಕಪ್ಪಾಗುವುದು. ಕಣ್ಣಳತೆಯಲ್ಲಿ ಬೆರೆಸುವ ರೂಢಿಯೇ ಯಂತ್ರಗಳ ದೊಡ್ಡ ಶತ್ರು.

ನಾಲ್ಕು ಸ್ಟ್ರೋಕಿನದರಲ್ಲಿ ಪೆಟ್ರೋಲ್ ಬೇರೆ, ಎಂಜಿನ್ ಆಯಿಲ್ ಬೇರೆ. ಬೆಲೆ ಹೆಚ್ಚಾದರೂ ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಹೊಗೆ ಕಡಿಮೆ. ಆದರೆ ಆಯಿಲ್ ಮಟ್ಟವನ್ನು ದಿನವೂ ನೋಡಲೇಬೇಕು.

ಇಂಧನದ ಬಗ್ಗೆ ಹೊಸದೊಂದು ಎಚ್ಚರಿಕೆಯೂ ಇದೆ. 2025ರ ವೇಳೆಗೆ ದೇಶದಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟ ವ್ಯಾಪಕವಾಗಿದೆ. ಸಣ್ಣ ಎಂಜಿನ್‌ಗಳ ಹಲವು ತಯಾರಕರು ತಮ್ಮ ಪುಸ್ತಕಗಳಲ್ಲಿ ಶೇ 10ರ ಮಿತಿ ಹಾಕಿದ್ದಾರೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಬಹುಕಾಲ ನಿಂತರೆ ರಬ್ಬರ್ ನಳಿಕೆ, ಕಾರ್ಬ್ಯುರೇಟರ್ ಪೊರೆ ಹಾಳಾಗುತ್ತವೆ. ಯಾವ ಪೆಟ್ರೋಲಿಗೆ ಯಂತ್ರ ತಕ್ಕದ್ದೆಂದು ಮಾರಾಟಗಾರರನ್ನು ಕೇಳಬೇಕು. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಎತ್ತಿಡಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

* ಈ ಮಾದರಿಯ ಪ್ಲಗ್, ಏರ್ ಫಿಲ್ಟರ್, ಕಾರ್ಬ್ಯುರೇಟರ್, ಸ್ಟಾರ್ಟರ್ ಹಗ್ಗ, ಕ್ಲಚ್, ಗೇರ್ ಹೆಡ್ ಈಗ ಅಂಗಡಿಯಲ್ಲಿವೆಯೇ? ಇದ್ದರೆ ಕಣ್ಣಾರೆ ತೋರಿಸಲು ಕೇಳಿ.
* ಇಲ್ಲದಿದ್ದರೆ ಎಲ್ಲಿಂದ ತರಿಸುತ್ತೀರಿ, ಎಷ್ಟು ದಿನ ಬೇಕು?
* ರಿಪೇರಿ ನಿಮ್ಮಲ್ಲೇ ಆಗುತ್ತದೆಯೇ, ಯಂತ್ರವನ್ನು ಬೇರೆ ಊರಿಗೆ ಕಳಿಸುತ್ತೀರಾ?
* ವಾರಂಟಿ ಎಷ್ಟು ತಿಂಗಳು, ಯಾವ ಭಾಗಕ್ಕೆ? ಕಾರ್ಡಿಗೆ ಮುದ್ರೆ, ದಿನಾಂಕ ಹಾಕಿಕೊಡುತ್ತೀರಾ?
* ಅಂಗಡಿಯ ಮುಂದೆಯೇ ಯಂತ್ರ ಚಾಲೂ ಮಾಡಿ, ಆಯಿಲ್ ಬೆರೆಸುವುದನ್ನು ತೋರಿಸಿಕೊಡುತ್ತೀರಾ?

ಈ ಐದಕ್ಕೂ ನೇರ ಉತ್ತರ ಕೊಡುವ ಅಂಗಡಿಯಲ್ಲಿ ಬೆಲೆ ತುಸು ಹೆಚ್ಚಾದರೂ ಒಟ್ಟು ಲೆಕ್ಕದಲ್ಲಿ ಅದೇ ಅಗ್ಗ. ಆನ್‌ಲೈನ್‌ನಲ್ಲಿ ಕೊಳ್ಳುವವರೂ ಇವೇ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಆ ಕಂಪನಿಯ ಸೇವಾ ಕೇಂದ್ರ ಜಿಲ್ಲೆಯಲ್ಲಿದೆಯೇ ಎಂದು ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಬೇಕು.

ಒಂದೇ ರೀತಿ ಕಂಡರೂ ಒಂದೇ ಅಲ್ಲ

ಪೇಟೆಯಲ್ಲಿರುವ ಅನೇಕ ಯಂತ್ರಗಳು ಹೊರನೋಟಕ್ಕೆ ಅವಳಿಗಳಂತಿವೆ. ಆದರೆ ಕೊಳವೆಯ ವ್ಯಾಸ ಕೆಲವಕ್ಕೆ 26 ಮಿ.ಮೀ., ಕೆಲವಕ್ಕೆ 28 ಮಿ.ಮೀ. ಒಳಗಿನ ಸರಳಿನ ತುದಿಗೆ ಕೆಲವಲ್ಲಿ 7 ಹಲ್ಲು, ಕೆಲವಲ್ಲಿ 9 ಹಲ್ಲು. ಬ್ಲೇಡಿನ ನಡುವಿನ ರಂಧ್ರ ಕೆಲವಕ್ಕೆ 25.4 ಮಿ.ಮೀ., ಕೆಲವಕ್ಕೆ 20 ಮಿ.ಮೀ. ಆದ್ದರಿಂದ 52 ಸಿಸಿ ಯಂತ್ರಕ್ಕೆ ಗೇರ್ ಹೆಡ್ ಕೊಡಿ ಎಂದಷ್ಟೇ ಹೇಳಿ ತಂದದ್ದು ಹೊಂದದೇ ಹೋಗಬಹುದು. ಹಳೆಯ ಭಾಗವನ್ನು ಜತೆಗೆ ಒಯ್ಯುವುದು, ಯಂತ್ರದ ಮೇಲಿನ ಮಾದರಿ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಸುಲಭ ಉಪಾಯ.

ಎಲ್ಲ ಭಾಗಕ್ಕೂ ಕಂಪನಿಯ ಅಸಲಿ ಮಾಲೇ ಬೇಕೆಂದಿಲ್ಲ. ನೈಲಾನ್ ದಾರ, ಸ್ಟಾರ್ಟರ್ ಹಗ್ಗ ಅಳತೆಗೆ ಹೊಂದಿದರೆ ಸಾಕು. ಆದರೆ ಬ್ಲೇಡ್, ಕ್ಲಚ್, ಪಿಸ್ಟನ್, ಕಾರ್ಬ್ಯುರೇಟರ್ ವಿಷಯದಲ್ಲಿ ಅಗ್ಗದ ನಕಲಿಗೆ ಕೈ ಹಾಕಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡ್ ಒಡೆದರೆ ಕಾಲೇ ಹೋದೀತು. ಇನ್ನೊಂದು ಸಂಗತಿ: ಬ್ಲೇಡಿನ ನಟ್ ಸಾಮಾನ್ಯವಾಗಿ ಉಳಿದ ನಟ್‌ಗಳಿಗೆ ವಿರುದ್ಧ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಬಲವಂತ ಮಾಡಿ ಹಾಳು ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು.

ರೋಗ ತಿಳಿದರೆ ಭಾಗ ಆರಿಸುವುದೂ ಸುಲಭ. ಎಂಜಿನ್ ಓಡಿದರೂ ಬ್ಲೇಡ್ ತಿರುಗದಿದ್ದರೆ ಮೊದಲು ಕ್ಲಚ್ ನೋಡಬೇಕು. ಗೇರ್ ಹೆಡ್ ವಿಪರೀತ ಬಿಸಿಯಾದರೆ ಗ್ರೀಸ್ ಒಣಗಿರಬಹುದು. ಚಾಲೂ ಆಗಿ, ಆಕ್ಸಿಲರೇಟರ್ ಒತ್ತಿದೊಡನೆ ನಿಂತರೆ ಏರ್ ಫಿಲ್ಟರ್, ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್, ಬಳಿಕ ಕಾರ್ಬ್ಯುರೇಟರ್, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಅಗ್ಗದ ಭಾಗದಿಂದ ಆರಂಭಿಸಿದರೆ ಅನವಶ್ಯಕ ಖರ್ಚು ತಪ್ಪುತ್ತದೆ.

ಸಹಾಯಧನ ಮತ್ತು ರಸೀದಿ

ಕೃಷಿ ಯಾಂತ್ರೀಕರಣ ಯೋಜನೆಯಡಿ ರಾಜ್ಯದಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ನೀಡುವ ಪದ್ಧತಿಯಿದೆ. ಯಂತ್ರಕ್ಕೆ ತಕ್ಕಂತೆ ಗರಿಷ್ಠ ಮೊತ್ತ ಬೇರೆ ಬೇರೆ. ಅನುದಾನದ ಲಭ್ಯತೆಯೂ ಮುಖ್ಯ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದೊಂದಿಗೆ ವಿಚಾರಿಸಬೇಕು. ಸಹಾಯಧನದಲ್ಲಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬಿಡಿಭಾಗ ಸಿಗದ ಮಾದರಿಯನ್ನು ಒಪ್ಪಿಕೊಳ್ಳುವ ಅಗತ್ಯವಿಲ್ಲ. ಪಟ್ಟಿಯಲ್ಲಿರುವ ಕಂಪನಿಗಳ ಪೈಕಿ ಹತ್ತಿರದಲ್ಲಿ ಸೇವೆ ಇರುವುದನ್ನು ಕೇಳಿ ಪಡೆಯಬೇಕು. ವರ್ಷಕ್ಕೆ ನಾಲ್ಕಾರು ದಿನದ ಕೆಲಸವಷ್ಟೇ ಇರುವವರು 2014-15ರಿಂದ ನಡೆದಿರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ವಿಚಾರಿಸುವುದೇ ಲಾಭಕರ.

2025ರ ಸೆಪ್ಟೆಂಬರ್ 22ರಿಂದ ಹಲವು ಬಗೆಯ ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆದರೆ ಎಲ್ಲ ಯಂತ್ರಗಳೂ ಆ ಪಟ್ಟಿಗೆ ಸೇರುವುದಿಲ್ಲ. ರಸೀದಿಯಲ್ಲಿ ಯಾವ ದರ ಹಾಕಿದ್ದಾರೆ, ಏಕೆ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ರಸೀದಿಯಿಲ್ಲದೆ ನೂರಿನ್ನೂರು ರೂಪಾಯಿ ಉಳಿಸುವ ಆಸೆಗೆ ಬಿದ್ದರೆ ಮುಂದೆ ವಾರಂಟಿಯೂ ಇಲ್ಲ, ದೂರೂ ಇಲ್ಲ.

ವಾರಂಟಿ ಎಂದರೆ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಪ್ಲಗ್, ಫಿಲ್ಟರ್, ಬ್ಲೇಡ್, ದಾರ ಇದರಲ್ಲಿ ಬರುವುದಿಲ್ಲ. ಆಯಿಲ್ ಬೆರೆಸದೆ ಓಡಿಸಿದ ಎಂಜಿನ್ನೂ ಬರುವುದಿಲ್ಲ. ನಿಜವಾದ ದೋಷವಿದ್ದೂ ಮಾರಾಟಗಾರರು ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅಂಗಡಿ ಎಲ್ಲೇ ಇರಲಿ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಯಂತ್ರ ಕೊಂಡು, ಕೂಲಿಗೆ ಹುಲ್ಲು ಕತ್ತರಿಸುವ ವ್ಯಕ್ತಿಯೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನೇ.

ಬಿತ್ತನೆಗೆ ಮೊದಲೇ ತಂದಿಡಿ

ಬೀಜ, ಗೊಬ್ಬರದ ಜತೆಯಲ್ಲೇ ಒಂದು ಸಣ್ಣ ಡಬ್ಬಿಯಲ್ಲಿ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಮತ್ತು ನಳಿಕೆ, ಸ್ಟಾರ್ಟರ್ ಹಗ್ಗ, ಕಾರ್ಬ್ಯುರೇಟರ್ ಪೊರೆ, ಒಂದು ಬ್ಲೇಡ್, ಗ್ರೀಸ್ ತಂದಿಟ್ಟುಕೊಳ್ಳುವುದು ಒಳ್ಳೆಯದು. ಮೇ ತಿಂಗಳಲ್ಲಿಯೇ ಯಂತ್ರವನ್ನು ಒಮ್ಮೆ ಚಾಲೂ ಮಾಡಿ ನೋಡಿದರೆ ರಿಪೇರಿಗೆ ಸಮಯವಿರುತ್ತದೆ.

ಕೆಲಸದ ವೇಳೆ ಕನ್ನಡಕ, ಕಿವಿಗೆ ರಕ್ಷಣೆ, ಮೊಳಕಾಲು ಮುಚ್ಚುವ ಬೂಟು ಕಡ್ಡಾಯ. ಸುತ್ತ 15 ಮೀಟರಿನೊಳಗೆ ಮಕ್ಕಳು, ದನ, ಜತೆಯ ಆಳು ಯಾರೂ ಇರಬಾರದು. ಸಿಕ್ಕಿದ ಹುಲ್ಲು ಬಿಡಿಸುವಾಗ ಎಂಜಿನ್ ನಿಲ್ಲಿಸಿಯೇ ಕೈ ಹಾಕಬೇಕು. ಬ್ಲೇಡಿನ ಮೇಲಿನ ರಕ್ಷಾ ಕವಚ ಮುರಿದರೆ ಅದೂ ಒಂದು ಬಿಡಿಭಾಗವೇ. ಕವಚವಿಲ್ಲದೆ ದುಡಿದರೂ ಯಂತ್ರ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಕೊಳ್ಳುವುದನ್ನು ಮುಂದೂಡುವುದು ಬೇಡ. ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದ ಭಾಗ ಅದು.