ಹದಿಮೂರೂ ಅಲ್ಲ, ಇಪ್ಪತ್ತಾರೂ ಅಲ್ಲ!

ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಅಲೆದಾಡಿದ ಮೇಲೆ ನನಗೊಂದು ಕೆಲಸ ಸಿಕ್ಕಿತು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಕೈಗೆ ಬರುವ ಸಂಬಳ 21 ಸಾವಿರ. ನಮ್ಮ ಮನೆ ಗುಬ್ಬಿಯ ಹತ್ತಿರ, ಹೋಗಿ ಬರಲು ದಿನಕ್ಕೆ 76 ಕಿಲೊಮೀಟರ್. ದೂರಕ್ಕಿಂತ ದೊಡ್ಡ ತೊಂದರೆ ಪಾಳಿಯದು. ಎರಡನೇ ಪಾಳಿ ಮುಗಿಯುವಾಗ ರಾತ್ರಿ ಹತ್ತೂವರೆ. ಅಷ್ಟು ಹೊತ್ತಿಗೆ ನಮ್ಮೂರ ಕಡೆಗೆ ಬಸ್ಸಿಲ್ಲ. ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟಿಯಲ್ಲಿ ಬರುತ್ತೇನೆ ಎಂದರೆ ಅಮ್ಮ ಸುತರಾಂ ಒಪ್ಪಲಿಲ್ಲ.

ಕೊನೆಗೆ ಅಪ್ಪ ತನ್ನ ಇಪ್ಪತ್ತು ವರ್ಷದ ಸ್ನೇಹಿತರೊಬ್ಬರ ಹಳೆಯ ಪೆಟ್ರೋಲ್ ಕಾರನ್ನು ಸಾಲ ಮಾಡಿ ಕೊಂಡರು. ತಿಂಗಳಿಗೆ 3,500 ರೂಪಾಯಿ ಕಂತು. ‘ಇಪ್ಪತ್ತೆರಡು ಮೈಲೇಜ್ ಕೊಡುತ್ತಮ್ಮ, ಕಣ್ಣು ಮುಚ್ಚಿಕೊಂಡು ಓಡಿಸು’ ಎಂದು ಆ ಮಾವ ಕೀಲಿ ಕೊಟ್ಟರು.

ನಾನು ಲೆಕ್ಕ ಹಾಕಿದೆ. ತಿಂಗಳಿಗೆ 25 ದಿನ ಎಂದರೆ 1,900 ಕಿಲೊಮೀಟರ್. ಲೀಟರಿಗೆ 22 ಕಿಲೊಮೀಟರ್ ಬಂದರೆ, 103 ರೂಪಾಯಿಯ ಪೆಟ್ರೋಲಿಗೆ ಸುಮಾರು 8,900 ರೂಪಾಯಿ. ಕಂತು ಕಳೆದರೂ ಎಂಟೂವರೆ ಸಾವಿರದಷ್ಟು ಉಳಿಯುತ್ತದೆ. ತಮ್ಮನ ಪಿಯುಸಿ ಖರ್ಚಿಗೆ ಸಾಕು.

ಮೊದಲ ವಾರವೇ ಪರೀಕ್ಷೆ ಮಾಡಿದೆ. ಮನೆ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. 152 ಕಿಲೊಮೀಟರ್ ಆದಾಗ ಕಾರ್ಖಾನೆ ದಾರಿಯ ಇನ್ನೊಂದು ಬಂಕಿನಲ್ಲಿ ಮತ್ತೆ ತುಂಬಿಸಿದೆ. ಪಂಪು ತಾನಾಗಿ ನಿಂತ ಮೇಲೂ ಹುಡುಗ ‘ರೌಂಡ್ ಫಿಗರ್ ಮಾಡ್ಲಾ ಮೇಡಂ?’ ಎಂದ. ಹೂಂ ಎಂದೆ. 1,200 ರೂಪಾಯಿಗೆ 11.65 ಲೀಟರ್ ಹಿಡಿಸಿತು. ಭಾಗಿಸಿದರೆ ಬಂದದ್ದು 13!

ಎದೆ ಧಸಕ್ ಎಂದಿತು. 13ರ ಲೆಕ್ಕದಲ್ಲಿ ಪೆಟ್ರೋಲಿಗೇ ತಿಂಗಳಿಗೆ 15 ಸಾವಿರ. ಕಂತು ಕಟ್ಟಿದರೆ ಉಳಿಯುವುದು ಸುಮಾರು ಎರಡೂವರೆ ಸಾವಿರ. ‘ಇಷ್ಟಕ್ಕೆ ಅಷ್ಟು ದೂರ ಹೋಗಬೇಕಾ? ಬಿಟ್ಟುಬಿಡು’ ಎಂದಳು ಅಮ್ಮ. ನಾನು ಸಿಟ್ಟಿನಲ್ಲಿ ‘ನಿಮ್ಮ ಸ್ನೇಹಿತರು ನಿಮಗೇ ಟೋಪಿ ಹಾಕಿದ್ದಾರೆ’ ಎಂದು ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಆ ರಾತ್ರಿಯೇ ಫೋನ್ ಮಾಡಿ ಅವರಿಗೆ ಆಡಬಾರದ ಮಾತುಗಳನ್ನು ಆಡಿದರು. ಆ ಕಡೆಯಿಂದ ಫೋನ್ ಇಟ್ಟ ಸದ್ದು ನನಗೂ ಕೇಳಿಸಿತು.

ಇನ್ನು 150 ಕಿಲೊಮೀಟರ್ ಓಡಿಸಿ, ಮನೆ ಹತ್ತಿರದ ಬಂಕಿಗೇ ಹೋದೆ. ಪಂಪು ತಾನಾಗಿ ನಿಂತಾಗ ಮೀಟರಿನಲ್ಲಿದ್ದದ್ದು ಬರೀ 5.8 ಲೀಟರ್. ಮೈಲೇಜು ಸುಮಾರು 26! ಅದೇ ಕಾರು, ಅದೇ ರಸ್ತೆ, ಅದೇ ನಾನು. ಮೂರು ದಿನದ ಹಿಂದೆ 13, ಈಗ 26.

ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿ ಯೋಚಿಸಿದೆ. ಕಾರ್ಖಾನೆಯಲ್ಲಿ ನಾನು ಮಾಡುವ ಕೆಲಸವೇ ಅಳೆಯುವುದು. ವರ್ನಿಯರ್ ಹಿಡಿದರೆ ಮೊದಲು ಅದರ ಸೊನ್ನೆ ಸರಿಯಿದೆಯೇ ನೋಡುತ್ತೇನೆ. ಒಂದೇ ಬಿಡಿಭಾಗವನ್ನು ಮೂರು ಸಲ ಅಳೆಯುತ್ತೇನೆ. ಕಾರಿನ ವಿಷಯದಲ್ಲಿ ಇದ್ಯಾವುದನ್ನೂ ಮಾಡಿರಲಿಲ್ಲ.

ತಪ್ಪು ಆಗಿದ್ದು ಆ ‘ರೌಂಡ್ ಫಿಗರ್’ನಲ್ಲಿ. ಪಂಪಿನ ನಳಿಕೆಯ ತುದಿಯಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲೇರಿ ಆ ರಂಧ್ರವನ್ನು ಮುಚ್ಚಿದಾಗ ಗಾಳಿ ಎಳೆಯುವುದು ನಿಂತು, ಪಂಪು ‘ಟಕ್’ ಎಂದು ಬಂದ್ ಆಗುತ್ತದೆ. ಆಮೇಲೂ ಒತ್ತಿ ತುಂಬಿದರೆ ಕೊಳವೆಯಲ್ಲಿ ಮತ್ತು ಟ್ಯಾಂಕಿನ ಮೇಲಿನ ಖಾಲಿ ಜಾಗದಲ್ಲಿ ಇನ್ನೂ ಎರಡು ಮೂರು ಲೀಟರ್ ಹಿಡಿಯಬಹುದು. ಆ ಜಾಗ ಬಿಸಿಲಿಗೆ ಪೆಟ್ರೋಲ್ ಹಿಗ್ಗಲೆಂದು ಬಿಟ್ಟಿರುವುದು, ಅದನ್ನು ತುಂಬುವುದು ಕಾರಿಗೂ ಒಳ್ಳೆಯದಲ್ಲ. ಮೊದಲ ಸಲ ‘ಟಕ್’ವರೆಗೆ ತುಂಬಿಸಿ, ಎರಡನೇ ಸಲ ಕುತ್ತಿಗೆವರೆಗೆ ತುಂಬಿಸಿದ್ದೆ. ಹೆಚ್ಚಿಗೆ ಹೋದ ಪೆಟ್ರೋಲನ್ನೂ ಕಾರು ಕುಡಿದಿದೆ ಎಂದುಕೊಂಡು 13 ಎಂದೆ. ಮೂರನೇ ಸಲ ಅದೇ ಪೆಟ್ರೋಲ್ ಲೆಕ್ಕದಿಂದ ತಪ್ಪಿಸಿಕೊಂಡಿತು, 26 ಬಂತು.

ಎರಡನ್ನೂ ಕೂಡಿಸಿದೆ. ಒಟ್ಟು ದೂರ 302, ಒಟ್ಟು ಪೆಟ್ರೋಲ್ 17.45 ಲೀಟರ್. ಮೈಲೇಜು 17.3. ಶುರುವೂ ಕೊನೆಯೂ ಒಂದೇ ಪಂಪಿನ ‘ಟಕ್’ಗೆ ಆಗಿದ್ದರಿಂದ ನಡುವಿನ ತಪ್ಪು ತಾನೇ ಅಳಿಸಿಹೋಗಿತ್ತು. ಇಲ್ಲಿ ಇನ್ನೊಂದು ಪಾಠವೂ ಸಿಕ್ಕಿತು. 13 ಮತ್ತು 26ರ ಸರಾಸರಿ 19.5. ಅದು ಸುಳ್ಳು. ಮೈಲೇಜುಗಳ ಸರಾಸರಿ ತೆಗೆಯಬಾರದು, ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸರಾಸರಿ ವೇಗದ ಲೆಕ್ಕ ಮಾಡಿದವರಿಗೆ ಈ ಗುಂಡಿ ಗೊತ್ತಿರುತ್ತದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ನಿಯಮ ಕೆಲವೇ. ಒಂದೇ ಬಂಕು, ಒಂದೇ ಪಂಪು, ಕಾರು ನಿಲ್ಲುವ ಜಾಗವೂ ಒಂದೇ, ಏಕೆಂದರೆ ನೆಲ ಸ್ವಲ್ಪ ಓರೆಯಾದರೂ ‘ಟಕ್’ ಬೇಗ ಇಲ್ಲವೇ ತಡವಾಗಿ ಆಗಬಹುದು. ಮೊದಲ ‘ಟಕ್’ಗೆ ನಿಲ್ಲಿಸಬೇಕು. ಹೋಗುವುದು ಬೆಳಗಿನ ಹೊತ್ತು. ಪೆಟ್ರೋಲ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ ಒಂದರಷ್ಟು ಹಿಗ್ಗುತ್ತದೆ, ಹಾಗಾಗಿ ಪ್ರತಿಸಲವೂ ಒಂದೇ ವೇಳೆ ಒಳ್ಳೆಯದು. ರಸೀದಿ ಪಡೆದು ಲೀಟರನ್ನು ಎರಡು ದಶಮಾಂಶದವರೆಗೆ ಬರೆಯಬೇಕು. ಪಂಪಿನ ಮೇಲೇ ಅನುಮಾನ ಬಂದರೆ, ಬಂಕಿನಲ್ಲಿ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಅಳೆದು ತೋರಿಸಿ ಎಂದು ಗ್ರಾಹಕರು ಕೇಳಬಹುದು.

ಒಂದು ಸಲದ ಅಳತೆ ಸಾಲದು. ‘ಟಕ್’ನಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆ ಆಯಿತು ಎನ್ನಿ. 9 ಲೀಟರಿನಲ್ಲಿ ಅದು ಶೇಕಡಾ ಐದೂವರೆಯ ತಪ್ಪು. 54 ಲೀಟರಿನಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ಹಾಗಾಗಿ ಸುಮಾರು 300 ಕಿಲೊಮೀಟರಿಗೊಮ್ಮೆ, ಒಟ್ಟು ಮೂರು ಸಲ ತುಂಬಿಸಿದೆ. ದೂರ 931.2, ಪೆಟ್ರೋಲ್ 54.49 ಲೀಟರ್. ಮೈಲೇಜು 17.1.

ಇಷ್ಟಾದರೂ ಒಂದು ಅನುಮಾನ ಉಳಿಯಿತು. ಲೀಟರನ್ನೇನೋ ಅಳೆದೆ, ಕಿಲೊಮೀಟರ್ ಸರಿಯಿದೆಯೇ? ತುಮಕೂರು–ಶಿರಾ ಹೆದ್ದಾರಿಯ ಕಿಲೊಮೀಟರ್ ಕಲ್ಲುಗಳನ್ನು ಎಣಿಸುತ್ತ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಕಲ್ಲಿನ ಪ್ರಕಾರ 50 ಆದಾಗ ಕಾರು ತೋರಿಸಿದ್ದು 48.6. ಕಾರಣ ಟೈರಿನ ಪಕ್ಕದಲ್ಲೇ ಬರೆದಿತ್ತು. ಕಂಪನಿಯ ಅಳತೆ 145/80, ಮೊದಲಿನ ಮಾಲೀಕರು ಹಾಕಿಸಿದ್ದು 155/80. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕದಲ್ಲೇ ಎಣಿಸುತ್ತದೆ. ಅದನ್ನು ಸರಿಪಡಿಸಿದಾಗ ನಿಜವಾದ ಮೈಲೇಜು 17.6 ಬಂತು. ತಿಂಗಳ ಪೆಟ್ರೋಲು ಸುಮಾರು 11,100 ರೂಪಾಯಿ. ಕಂತು ಕಳೆದು 6,400 ಉಳಿಯುತ್ತದೆ. ಕೆಲಸ ಬಿಡುವ ಮಾತು ಅಲ್ಲಿಗೆ ನಿಂತಿತು.

ಸರಿಯಾದ ಅಂಕಿ ಕೈಯಲ್ಲಿದ್ದರೆ ಸುಧಾರಣೆಯನ್ನೂ ಅಳೆಯಬಹುದು. ಬಾಗಿಲ ಪಕ್ಕದ ಚೀಟಿಯಲ್ಲಿ ಟೈರಿನ ಗಾಳಿ 30 ಎಂದಿತ್ತು, ಇದ್ದದ್ದು 24. ಓಡಿಸಿ ನಿಲ್ಲಿಸಿದಾಗ ಹಿಂದಿನ ಎಡ ಚಕ್ರವೊಂದೇ ಬಿಸಿಯಾಗಿರುತ್ತಿತ್ತು. ಬ್ರೇಕು ಹಿಡಿದುಕೊಳ್ಳುತ್ತಿದೆ ಎಂದು ಮೆಕ್ಯಾನಿಕ್ ಹೇಳಿ ಸರಿಮಾಡಿಕೊಟ್ಟರು. ರಾತ್ರಿ ಮನೆ ಸೇರುವ ಅವಸರದಲ್ಲಿ 90ರಲ್ಲಿ ಬರುತ್ತಿದ್ದವಳು 70ಕ್ಕೆ ಇಳಿಸಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಓದಿದ್ದು ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದೆ. ಮುಂದಿನ ಮೂರು ಸಲದ ಲೆಕ್ಕದಲ್ಲಿ 18.9 ಬಂತು. ತಿಂಗಳಿಗೆ 750 ರೂಪಾಯಿಯಷ್ಟು ಉಳಿತಾಯ.

ಹಾಗಾದರೆ 22 ಎಂದ ಆ ಮಾವ ಸುಳ್ಳು ಹೇಳಿದರೇ? ಕಂಪನಿಗಳು ಹೇಳುವ ಮೈಲೇಜು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ಎ.ಸಿ. ಬಂದ್ ಮಾಡಿ, ನಿಗದಿತ ವೇಗಗಳಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಗುಬ್ಬಿಯ ಹಂಪುಗಳಿಲ್ಲ, ತುಮಕೂರಿನ ಸಿಗ್ನಲ್ಲುಗಳಿಲ್ಲ. ಅವರು ಕಾರು ಕೊಂಡಾಗ ಕೇಳಿದ ಅಂಕಿಯನ್ನೇ ವರ್ಷಗಟ್ಟಲೆ ನಂಬಿದ್ದರು, ನಮಗೂ ಅದನ್ನೇ ಹೇಳಿದರು. ಅವರು ಅಳೆದಿರಲಿಲ್ಲ. ನಾನು ಅಳೆದೆ, ಆದರೆ ತಪ್ಪಾಗಿ ಅಳೆದು, ಅದರ ಮೇಲೆ ಒಬ್ಬರನ್ನು ಮೋಸಗಾರ ಎಂದೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಎಂದು ಯಾರೂ ಹೇಳಬೇಕಿರಲಿಲ್ಲ.

ಭಾನುವಾರ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ‘ಮಾವ, ತಪ್ಪು ನಂದು. ಅಪ್ಪನ ಮೇಲೆ ಬೇಜಾರು ಮಾಡ್ಕೋಬೇಡಿ’ ಎಂದು ನೋಟ್‌ಬುಕ್ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, ‘ಹದಿನೇಳೂವರೆನಾ? ಹಂಗಾದ್ರೆ ಎಂಟು ವರ್ಷ ನಾನೇ ಮೋಸ ಹೋದೆ ಕಣಯ್ಯ’ ಎಂದರು. ಅಪ್ಪ ನಕ್ಕರು. ಒಳಗಿನಿಂದ ಕಾಫಿ ಬಂತು.

ಹಳೆಯ ಕಾರೋ ಬೈಕೋ ಕೊಳ್ಳುವ ಗೆಳೆಯರಿಗೆ ನನ್ನದೊಂದೇ ಮಾತು. ಮಾರುವವರು ಹೇಳುವ ಮೈಲೇಜನ್ನು ನಂಬಿ ತಿಂಗಳ ಲೆಕ್ಕ ಹಾಕಬೇಡಿ. ಒಂದೇ ಸಲದ ಅಳತೆ ನಂಬಿ ಯಾರ ಜೊತೆಗೂ ಜಗಳಕ್ಕೆ ಹೋಗಬೇಡಿ. ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ಕಾರಿನಲ್ಲಿಟ್ಟುಕೊಳ್ಳಿ. ಮತ್ತೆ, ಬಂಕಿನ ಹುಡುಗ ‘ರೌಂಡ್ ಫಿಗರ್?’ ಎಂದರೆ ‘ಬೇಡಪ್ಪ’ ಅನ್ನಿ.