ಅಂತರಿಕ್ಷದಲ್ಲಿ ತೈಲದಾನ

ಓಡುತ್ತಿರುವ ಎರಡು ಗಾಡಿಗಳಲ್ಲಿ ಕುಳಿತ ಇಬ್ಬರು, ಒಬ್ಬನ ಚೊಂಬಿನಿಂದ ಮತ್ತೊಬ್ಬನ ಚೊಂಬಿಗೆ ತೊಟ್ಟೂ ಚೆಲ್ಲದಂತೆ ಹಾಲನ್ನೆರೆಯಬೇಕೆಂದು ಯಾರಾದರೂ ಪಂಥ ಕಟ್ಟಿದರೆ ನಾವು ನಕ್ಕು ಸುಮ್ಮನಾಗುವೆವು. ಇದಕ್ಕಿಂತಲೂ ಕಠಿನವಾದ ಕಾರ್ಯವು ಅಂತರಿಕ್ಷದಲ್ಲಿ ನಿತ್ಯವೂ ನಡೆಯುತ್ತಿರುವುದು. ದೂರ ಸಂಚರಿಸುವ ಸೈನಿಕ ವಿಮಾನಗಳು ನೆಲಕ್ಕಿಳಿಯದೆಯೇ ಮತ್ತೊಂದು ವಿಮಾನದಿಂದ ಇಂಧನವನ್ನು ಪಡೆಯುವುವು. ೧೯೨೩ನೆಯ ಇಸವಿ ಜೂನ್ ೨೭ರಂದು ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮೇಲೆ ಇದನ್ನು ಮೊದಲು ಸಾಧಿಸಿದಾಗ, ಮೇಲಿನ ವಿಮಾನದಿಂದ ಇಳಿಬಿಟ್ಟ ಕೊಳವೆಯನ್ನು ಕೆಳಗಿನ ವಿಮಾನದವನು ಕೈಯಿಂದಲೇ ಹಿಡಿದುಕೊಂಡನು!

ಈಗ ಮುಖ್ಯವಾಗಿ ಎರಡು ಕ್ರಮಗಳುಂಟು. ಒಂದರಲ್ಲಿ ತೈಲವಾಹಕವು ಬುಟ್ಟಿಯಾಕಾರದ ಬಾಯುಳ್ಳ ಮೆತುಕೊಳವೆಯನ್ನು ಹಿಂದಕ್ಕೆ ಬಿಡುವುದು. ಹಿಂದಿನ ವಿಮಾನವು ತನ್ನ ಮೂತಿಯ ಬಳಿಯ ನಳಿಕೆಯನ್ನು ಅದರೊಳಕ್ಕೆ ತೂರಿಸಬೇಕು. ನಮ್ಮ ಬೆಂಗಳೂರಿನಲ್ಲಿ ನಿರ್ಮಿತವಾದ ತೇಜಸ್ ವಿಮಾನವು ೨೦೧೮ರ ಸೆಪ್ಟೆಂಬರ್ ೧೦ರಂದು, ೨೦,೦೦೦ ಅಡಿಗಳ ಎತ್ತರದಲ್ಲಿ, ೧,೯೦೦ ಕಿಲೋಗ್ರಾಂ ಇಂಧನವನ್ನು ಹೀಗೆಯೇ ಪಡೆಯಿತು. ಎರಡನೆಯ ಕ್ರಮದಲ್ಲಿ ವಾಹಕದ ಬಾಲದಡಿಯಿಂದ ಲೋಹದ ಗಟ್ಟಿ ಕೊಳವೆಯೊಂದು ತೋಳಿನಂತೆ ಚಾಚುವುದು. ಅದನ್ನು ಒಬ್ಬಾತನು ವಿಮಾನದೊಳಗಿನಿಂದ ನಡೆಸಿ, ಕೆಳಗಿನ ವಿಮಾನದ ಬಾಯಿಗೆ ಸೇರಿಸುವನು.

ಅಪಾಯವಿರುವುದು ಈ ಸಾಮೀಪ್ಯದಲ್ಲಿಯೇ. ಮುಂದಿನ ವಿಮಾನದ ರೆಕ್ಕೆಗಳಿಂದ ಸುಳಿಗಾಳಿಯೇಳುವುದು. ಹಿಂದಿನದು ದೊಡ್ಡದಾಗಿದ್ದರೆ ತನ್ನ ಮುಂದಿನ ಗಾಳಿಯನ್ನು ತಳ್ಳಿ, ವಾಹಕದ ಬಾಲವನ್ನೇ ಮೇಲೆತ್ತುವುದು. ತೈಲವು ಹರಿದಂತೆಲ್ಲ ಒಂದು ಹಗುರವಾಗುತ್ತ, ಇನ್ನೊಂದು ಭಾರವಾಗುತ್ತ ಹೋಗುವುದು. ಇಷ್ಟರ ನಡುವೆ ಎರಡರ ವೇಗವೂ ಸಮವಾಗಿರಬೇಕು. ಸಂಶಯ ತೋರಿದೊಡನೆ ‘ಬಿಡಿಸಿಕೊಳ್ಳಿ’ ಎಂದು ಕೂಗಿದರೆ, ಎರಡೂ ತಟ್ಟನೆ ಅಗಲಬೇಕೆಂದು ನಿಯಮವಿದೆ. ಕೂಗಲು ವೇಳೆಯಿದ್ದರೆ ಸರಿಯಷ್ಟೆ! ಅಗ್ನಿಯ ಬಳಿ ಅತಿ ಸಮೀಪವೂ ಅತಿ ದೂರವೂ ಸಲ್ಲವೆಂದು ನಮ್ಮ ನೀತಿಕಾರರು ಹೇಳಿರುವರು. ಈ ಕಾರ್ಯದಲ್ಲಾದರೋ ಸಮೀಪಿಸದೆ ಗತಿಯಿಲ್ಲ. ೨೦೧೮ರ ಡಿಸೆಂಬರಿನಲ್ಲಿ ಜಪಾನಿನ ಕರಾವಳಿಯಾಚೆ ಅಮೆರಿಕದ ತೈಲವಾಹಕವೂ ಯುದ್ಧವಿಮಾನವೂ ಡಿಕ್ಕಿಹೊಡೆದು ಆರು ಜನರು ಮಡಿದರು.

ಹಾರುವವರ ಅಪಾಯವು ಹಾರುವವರಿಗಿರಲಿ, ಮನೆಯಲ್ಲಿರುವ ನಮಗೇನು ಎಂದು ವಾಚಕರು ಕೇಳಬಹುದು. ಸ್ಪೇನ್ ದೇಶದ ದಕ್ಷಿಣ ತೀರದಲ್ಲಿ ಪಲೊಮಾರೆಸ್ ಎಂಬ ಹಳ್ಳಿಯಿದೆ. ಅಲ್ಲಿಯವರು ಟೊಮ್ಯಾಟೊ ಬೆಳೆದು ಬದುಕುವವರು. ೧೯೬೬ನೆಯ ಇಸವಿ ಜನವರಿ ೧೭ರ ಬೆಳಿಗ್ಗೆ, ಅವರ ನೆತ್ತಿಯ ಮೇಲೆ ಸುಮಾರು ೩೧,೦೦೦ ಅಡಿಗಳೆತ್ತರದಲ್ಲಿ, ಅಮೆರಿಕದ ಬಿ-೫೨ ಎಂಬ ಬಾಂಬುವಿಮಾನವು ತೈಲವಾಹಕದ ಹಿಂದೆ ಬಂದಿತು. ಬಂದ ವೇಗವು ತುಸು ಹೆಚ್ಚಾಯಿತು. ಕೊಳವೆಯು ಬಾಂಬುವಿಮಾನದ ಬೆನ್ನಿಗೆ ತಗುಲಿ, ಎಡರೆಕ್ಕೆಯು ಮುರಿಯಿತು. ವಾಹಕವು ಉರಿದು ಸಿಡಿಯಿತು. ವಾಹಕದ ನಾಲ್ವರೂ ಬಾಂಬುವಿಮಾನದ ಏಳು ಮಂದಿಯಲ್ಲಿ ಮೂವರೂ ಸತ್ತರು.

ಆ ವಿಮಾನದಲ್ಲಿ ನಾಲ್ಕು ಜಲಜನಕ ಬಾಂಬುಗಳಿದ್ದುವು. ಮೂರು ಹಳ್ಳಿಯ ಸುತ್ತ ಬಿದ್ದುವು. ಪರಮಾಣು ಸ್ಫೋಟವಾಗಲಿಲ್ಲ, ನೆಲದ ಮೇಲಿದ್ದವರಾರೂ ಸಾಯಲಿಲ್ಲ. ಆದರೆ ಎರಡು ಬಾಂಬುಗಳೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು, ಪ್ಲುಟೋನಿಯಂ ಎಂಬ ವಿಷಮಯ ಧೂಳು ಹೊಲಗಳ ಮೇಲೆ ಹರಡಿತು.

ನಾಲ್ಕನೆಯದು ಸಮುದ್ರದ ಪಾಲಾಯಿತು. ಫ್ರಾನ್ಸಿಸ್ಕೊ ಸಿಮೊ ಎಂಬ ಬೆಸ್ತನು ಅದು ಕೊಡೆಬಟ್ಟೆಯೊಡನೆ ನೀರಿಗಿಳಿದುದನ್ನು ಕಂಡು, ಎಡೆಯನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಂಡಿದ್ದನು. (ಕಡಲನ್ನು ಓದುವ ಈ ವಿದ್ಯೆಯನ್ನು ನಾವು ಯಾವ ಪಾಠಶಾಲೆಯಲ್ಲಿಯೂ ಕಲಿಸಲಿಲ್ಲ.) ಅವನು ತೋರಿದ ಕಡೆಯಲ್ಲಿಯೇ ಹುಡುಕಿ, ೨,೫೦೦ ಅಡಿಗಳಿಗೂ ಆಳದಿಂದ ಏಪ್ರಿಲ್ ೭ರಂದು ಬಾಂಬನ್ನು ಎತ್ತಿದರು. ಅಷ್ಟರಲ್ಲಿ ೮೦ ದಿವಸಗಳು ಕಳೆದಿದ್ದುವು.

ಇಂತಹ ಬಾಂಬುಗಳನ್ನು ಹೊತ್ತು ಸದಾ ಆಕಾಶದಲ್ಲಿರುವ ಆ ಪಹರೆಯು ಕೂಡಲೇ ನಿಲ್ಲಲಿಲ್ಲ. ೧೯೬೮ರಲ್ಲಿ ಗ್ರೀನ್‌ಲೆಂಡಿನ ಹಿಮದ ಮೇಲೆ ಇನ್ನೊಂದು ವಿಮಾನ ಬಿದ್ದ ಮೇಲೆಯೇ ಅದು ನಿಂತದ್ದು. ಪಲೊಮಾರೆಸಿನಿಂದ ಸುಮಾರು ೧,೪೦೦ ಟನ್ ಮಣ್ಣನ್ನೂ ಗಿಡಗಳನ್ನೂ ಪೀಪಾಯಿಗಳಲ್ಲಿ ತುಂಬಿ, ಹೂಳಲು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದರು. ಆದರೂ ಎಲ್ಲವೂ ಹೋಗಲಿಲ್ಲ. ಉಳಿದುದನ್ನು ತೆಗೆಯುವ ವಿಷಯದಲ್ಲಿ ಎರಡೂ ಸರ್ಕಾರಗಳು ಒಂದು ಪತ್ರಕ್ಕೆ ರುಜು ಹಾಕಿದ್ದು ೨೦೧೫ರಲ್ಲಿ, ಅಂದರೆ ವಿಮಾನಗಳು ಬಿದ್ದ ೪೯ ವರ್ಷಗಳ ತರುವಾಯ.