‘ಆನ್ ದ ಬಾಲ್’: ಒಂದು ನುಡಿಗಟ್ಟಿನ ಅರ್ಥ ಮತ್ತು ಮೂಲ

ನುಡಿಗಟ್ಟಿನ ಬಿಡಿಪದಗಳ ಅರ್ಥವನ್ನು ಕೂಡಿಸಿದ ಮಾತ್ರಕ್ಕೆ ಅದರ ಇಡಿಯ ಅರ್ಥ ದೊರೆಯುವುದಿಲ್ಲ. ಇಂಗ್ಲಿಷಿನ ‘ಆನ್ ದ ಬಾಲ್’ ಇದಕ್ಕೆ ತಕ್ಕ ನಿದರ್ಶನ. ಪದಶಃ ‘ಚೆಂಡಿನ ಮೇಲೆ’ ಎಂದಾಗುವ ಈ ಮಾತು ಸನ್ನಿವೇಶವನ್ನು ಥಟ್ಟನೆ ಗ್ರಹಿಸಿ ತಕ್ಕಂತೆ ವರ್ತಿಸುವ ಮನಸ್ಸಿನ ಎಚ್ಚರವನ್ನು ಸೂಚಿಸುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರು ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತ ಬಾಳುವವರು. ಇಂತಹ ಮಾತುಗಳ ಅನುವಾದ ಅವರಿಗೆ ದಿನನಿತ್ಯದ ವ್ಯವಹಾರವೇ ಆಗಿದೆ.

ಈ ನುಡಿಗಟ್ಟಿನ ಹುಟ್ಟಿನ ಬಗೆಗೆ ಎರಡು ಕತೆಗಳು ಪ್ರಚಾರದಲ್ಲಿವೆ. ಒಂದು ಗ್ರೀನಿಚ್ ವೀಕ್ಷಣಾಲಯದ್ದು. ಅಲ್ಲಿ 1833ರಿಂದ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಕಂಬದ ಮೇಲಿನ ದೊಡ್ಡ ಗೋಲವೊಂದನ್ನು ಕೆಳಗಿಳಿಸಲಾಗುತ್ತದೆ. ಥೇಮ್ಸ್ ನದಿಯ ಹಡಗುಗಳವರು ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. ಇನ್ನೊಂದು ಅಮೆರಿಕದ್ದು. 1891ರಲ್ಲಿ ಓಹಾಯೋ ಪ್ರಾಂತದ ಕಿಪ್ಟನ್‌ನಲ್ಲಿ ಎರಡು ರೈಲುಗಳು ಢಿಕ್ಕಿ ಹೊಡೆದವು. ಸಿಬ್ಬಂದಿಯ ಗಡಿಯಾರವೊಂದು ಕೆಲವು ನಿಮಿಷ ನಿಂತುಹೋದುದೇ ಕಾರಣವೆನ್ನಲಾಯಿತು. ಆ ಬಳಿಕ ರೈಲ್ವೆ ಗಡಿಯಾರಗಳ ತಪಾಸಣೆಯ ಹೊಣೆ ಹೊತ್ತವನ ಹೆಸರು ವೆಬ್ ಬಾಲ್.

ರೈಲಿನ ಊರುಗಳ ಓದುಗರಿಗೆ ಎರಡನೆಯ ಕತೆ ಬಹುಬೇಗ ರುಚಿಸುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಸಾಗಿ ಬಂದುದು ಠಾಣೆಗೆ. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ನಿಮಿಷಗಳ ಲೆಕ್ಕದಲ್ಲಿ ಲೋಕಲ್ ಹಿಡಿಯುವವರಿಗೆ ಗಡಿಯಾರವೇ ಎಚ್ಚರದ ಗುರುತೆನಿಸುವುದು ಸಹಜ.

ಆದರೆ ರುಚಿಸಿದ ಕತೆಯೆಲ್ಲ ನಿರುಕ್ತಿಯಾಗಲಾರದು. ಗ್ರೀನಿಚ್‌ನ ಗೋಲಕ್ಕೂ ಈ ಮಾತಿನ ಬಳಕೆಗೂ ನಡುವೆ ಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಅಂತರವಿದೆ. ವೆಬ್ ಬಾಲ್‌ನ ಹೆಸರಿನಿಂದಲೇ ಅದು ಬಂದಿದ್ದರೆ ಮೊದಲ ಪ್ರಯೋಗಗಳು ರೈಲ್ವೆಯವರ ಮಾತಿನಲ್ಲಿ ದೊರೆಯಬೇಕಿತ್ತು. ಅವು ದೊರೆಯುವುದು 20ನೆಯ ಶತಮಾನದ ಆರಂಭದ ಆಟದ ಪರಿಸರದಲ್ಲಿ. ಚೆಂಡಿನಿಂದ ಕಣ್ಣು ಕೀಳಬಾರದೆಂಬುದು ಚೆಂಡಾಟಗಳೆಲ್ಲಕ್ಕೂ ಸಮಾನವಾದ ಬೋಧೆ. ಚೆಂಡೆಸೆತಗಾರನ ಕೈಚಳಕವನ್ನು ಸೂಚಿಸುವ ಇದೇ ಬಗೆಯ ಮಾತು ಅಮೆರಿಕದ ಬೇಸ್‌ಬಾಲ್‌ನಲ್ಲಿಯೂ ಇತ್ತು. ಕಣ್ಣಿನ ನಿಷ್ಠೆ ಮನಸ್ಸಿನ ನಿಷ್ಠೆಯಾಗಿ ಅರ್ಥ ವಿಸ್ತರಿಸಿತೆಂದು ತಿಳಿಯುವುದೇ ಯುಕ್ತ.

ಕನ್ನಡ ಇದೇ ಭಾವವನ್ನು ಆಟದಿಂದ ಪಡೆಯದೆ ಮೈಯಿಂದ ಪಡೆದಿದೆ. ‘ಎಚ್ಚರ’ವು ಏಳುವುದಕ್ಕೆ ಸಂಬಂಧಿಸಿದ ಪದ, ಅದರ ಎದುರು ‘ಮೈಮರೆವು’. ‘ಮೈಯೆಲ್ಲ ಕಣ್ಣಾಗಿ’ ಎಂಬಲ್ಲಿ ಇಡೀ ದೇಹವೇ ಕಾವಲಿಗೆ ನಿಲ್ಲುತ್ತದೆ. ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು’ ಎಂಬುದಕ್ಕೆ ಮರಾಠಿಯಲ್ಲಿ ‘ಡೋಳ್ಯಾತ್ ತೇಲ್ ಘಾಲೂನ್’ ಎಂಬ ಸರಿಜೋಡಿಯುಂಟು. ನೆರೆಯ ಭಾಷೆಗಳೆರಡೂ ಒಂದೇ ಚಿತ್ರವನ್ನು ಉಳಿಸಿಕೊಂಡಿವೆ.

ಹೀಗಿರುವಾಗ ‘ಅವನು ಚೆಂಡಿನ ಮೇಲಿದ್ದಾನೆ’ ಎಂದು ಅನುವಾದಿಸಿದರೆ ಹಾಸ್ಯವಷ್ಟೇ ಉಳಿಯುತ್ತದೆ. ಆದರೆ ಕನ್ನಡದ ಮಾತುಗಳೂ ಸಾಂದರ್ಭಿಕ ವಿವೇಕವನ್ನು ಬೇಡುತ್ತವೆ. ರಾತ್ರಿಯ ಕಾವಲುಗಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬಹುದು. ಕೇಳಿದ ಪ್ರಶ್ನೆಗೆ ತಟ್ಟನೆ ಉತ್ತರಿಸುವ ವಿದ್ಯಾರ್ಥಿನಿಗೆ ‘ಚುರುಕು’ ಎಂಬ ಒಂದೇ ಪದ ಸಾಕು. ಇಂಗ್ಲಿಷಿನ ಒಂದು ಮಾತಿಗೆ ಕನ್ನಡದಲ್ಲಿ ಹಲವು ಬಾಗಿಲುಗಳಿವೆ. ಯಾವುದನ್ನು ತೆರೆಯಬೇಕೆಂಬುದನ್ನು ಸಂದರ್ಭವೇ ನಿರ್ಧರಿಸಬೇಕು.